ಬಾಯಿಲೆ ಉಸಿರು

ತೂಕದ ಚೀಟಿ ತಪ್ಪಿಲ್ಲದ ಬರದದ್ದಕ್ಕ
ಮೆಣಸಿನಕಾಯಿ ಎಣ್ಣಿ ತಗಿಯೂ ಕಂಪನಿಯವರು
ಬ್ಯಾಡಗಿ ಪ್ಯಾಟ್ಯಾಗಿನ ಎಂಟು ಮಂದೀನ
ಹಡಗ ಹತ್ತಿಸಿದ್ರು.
ಕಡಮತ್, ತಿನ್ನಕರ, ಬಂಗಾರಂ.
"ಬಂಗಾರಮ್ಮ ನಮ್ಮತ್ತಿ ಹೆಸರು,
ಇಲ್ಲೀಮಟಾನೂ ಬಂದ್ಳೇನ?" ಅಂತ
ಹಮಾಲರ ಮೇಸ್ತ್ರಿ ಫಕ್ಕೀರಪ್ಪ ನಗಿಸಿದ.
ಮೂರು ತಾಸಿಗೆ ಕಟಕಟಿ ಹಿಡಕೊಂಡು
ಕಾರಿಕೊಂಡ.

ನೀರು ಎಷ್ಟು ಬೆಚ್ಚಗಿತ್ತಂದ್ರ
ಯಾರೋ ಬಾಣಂತಿಗೆ ಕಾಸಿ, ಆರಾಕಿಟ್ಟು
ಮರತ ಹೋಗ್ಯಾರ ಅನ್ನೂಹಂಗ.

ಕಲಸಾಂವ ಸೈದುಕೋಯ, ಇನ್ನೂ ಹುಡುಗ.
ಹಿಂದಿ ಅವಂಗರ್ಧ, ನನಗರ್ಧ.
ಕನ್ನಡಕದ ಗಾಜಿಗೆ ಉಗುಳು ಹಚ್ಚಿ ತೊಳದ,
ಮಬ್ಬು ಹಿಡಿಯೂದಿಲ್ಲಂತ.
ಹಲ್ಲಾಗ ಕೊಳವಿ ಕಚ್ಚಿಸಿ ಹೇಳಿದ:
ಮೂಗು ಮರೀರಿ. ಬಾಯಿಲೆ ಉಸಿರಾಡ್ರಿ.
ಎಲ್ಲಾರಿಗೂ ಇದ ಕಷ್ಟ.

ನಗಿ ಬಂತು. ಕೊಳವ್ಯಾಗ ನಕ್ಕರ
ನೀರು ಹೊಕ್ಕತೈತಿ ಅಂತ ಆಗ ತಿಳೀತು.
ತಮ್ಮಾ, ಇಪ್ಪತ್ತೆರಡು ವರ್ಷಾತು,
ಸೋಮವಾರ ಗುರುವಾರ ಚೀಲದ ಬಾಯಿ ಬಿಚ್ಚತಾರ,
ಪ್ಯಾಟಿಗೆ ಪ್ಯಾಟೀನ ಕೆಮ್ಮತೈತಿ.
ಮೂಗು ನಮಗ ಮೂಗುತಿಗಷ್ಟ.

ಉಳದ ಏಳೂ ಮಂದಿ ಎದ್ದೆದ್ದು ಉಗುಳಾಕ ಹತ್ತಿದ್ರು.
ನಾನೊಬ್ಬಾಕಿ ಬೋರಲ ಬಿದ್ದು
ತೇಲಿಕೋತ ಹ್ವಾದೆ.

ಕಣ್ಣು ಉರೀಲಿಲ್ಲ. ಮದಲ ಅದನ್ನ ಹೇಳಬೇಕು.
ಕೆಂಪ ಮೀನೊಂದು ಮಾರಿ ಮುಂದ ಹಾದು ಹೋತು,
ಅಷ್ಟು ಕೆಂಪ,
ಆದ್ರೂ ಕಣ್ಣು ಉರೀಲಿಲ್ಲ.
ಗಿಳಿಮೂತೀದೊಂದು ಕಲ್ಲು ಕಡೀತಿತ್ತು,
ಟಿಕ್, ಟಿಕ್,
ನಮ್ಮ ಹೆಂಗಸರು ತೊಟ್ಟು ಮುರದಂಗ.
ಕಲ್ಲಲ್ಲ ಅದು, ಹವಳ. ಜೀವ ಐತಿ,
ಮುಟ್ಟಬ್ಯಾಡ್ರಿ ಅಂದಿದ್ದ.

ನನ್ನ ತಾಳಿ ಸರದಾಗ ನಾಕು ಹವಳ ಅದಾವು,
ಅವ್ವ ಪೋಣಿಸಿ ಕೊಟ್ಟದ್ದು.
ಅವೂ ತೇಲಿ ಬಂದು ಗದ್ದಕ್ಕ ಬಡದ್ವು.
ಮುಷ್ಟ್ಯಾಗ ಹಿಡಕೊಂಡೆ,
ತವರಿನ ಬಾಗಲಾ ಕಂಡು ಅಳಾಕ ಹತ್ತಿದ ಕೂಸಿನ
ಬಾಯಿ ಮುಚ್ಚಿದಂಗ.

ಗುರುವಾರ ಮತ್ತ ಪ್ಯಾಟಿ.
ಕೋಯಾ ಕೊಟ್ಟ ಹಳೇ ಕನ್ನಡಕ ಕೈಚೀಲದಾಗ,
ಹರದ ಪಟ್ಟಿಗೆ ಸುತಳಿ ಕಟ್ಟಿದ್ದೆ.
ತೊಟ್ಟು ಬಿಡಿಸೂ ಕಾಶವ್ವ ಕಸಗೊಂಡು ಹಾಕ್ಕೊಂಡ್ಳು,
ರಾಶಿ ಮುಂದ ಕುಂತು ಕೆಂಪಿನ್ಯಾಗ ಮಾರಿ ಇಟ್ಟು
"ಅಯ್ಯ, ಕಣ್ಣಾಗ ನೀರಾ ಬರವಲ್ವು!" ಅಂದ್ಳು.
ಆಮ್ಯಾಲ ನಕ್ಕು ನಕ್ಕು ನೀರು ಬಂತು.

"ಅಲ್ಲೆ ಏನೇನೈತಿ ಹೇಳವಾ?"
ಹೇಳಾಕ ಹ್ವಾದೆ. ಲಾರಿ ಹಾರ್ನು. ಕೆಮ್ಮು.
ತಕ್ಕಡೀಗೆ ಮುಂದಿನ ಚೀಲ.
"ಗಾಜು ಮಬ್ಬಾತಲ್ಲಾ?"
ಉಗುಳು ಹಚ್ಚು, ಅಂದೆ.

ಥೂ ಅಂದು, ಸೆರಗಿನ ಚುಂಗಿಲೆ ಒರಸಿ,
ಮತ್ತ ಹಾಕ್ಕೊಂಡ್ಳು.