ತಲೆ ಲೆಕ್ಕ

ಮದುವೆ ಪ್ರಕಟಣೆ ಬರೆಯುವ ದಪ್ಪ ಪುಸ್ತಕದಲ್ಲೇ
ಅಕ್ಕಿಯ ಲೆಕ್ಕ ಬರೆದೆ. ಅಂಗಡಿ ಮುಚ್ಚಿದ್ದವು,
ಬೇರೆ ಪುಸ್ತಕ ಸಿಗಲಿಲ್ಲ. ಮದುವೆಗಳೂ ಇರಲಿಲ್ಲ.

ಬೆಂಚುಗಳ ಮೇಲೆ ಜನರ ಬದಲು ಚೀಲಗಳು ಕೂತಿದ್ದವು,
ಮೊಣಕಾಲೂರದೆ, ಕೆಮ್ಮದೆ,
ಪ್ರಸಂಗದ ನಡುವೆ ಗಡಿಯಾರ ನೋಡದೆ.
"ಇಷ್ಟು ಶಿಸ್ತಿನ ಭಕ್ತರನ್ನು ಮೂವತ್ತು ವರ್ಷದಲ್ಲಿ ಕಂಡಿಲ್ಲ"
ಎಂದರು ಫಾದರ್ ರಾಯಪ್ಪ.
ಮಾಸ್ಕಿನೊಳಗೇ ನಕ್ಕೆವು, ಕನ್ನಡಕ ಮಂಜಾಗುವಷ್ಟು.

ಮನೆಗೆ ಐದು ಕೆಜಿ; ಆರು ತಲೆ ಇದ್ದರೆ ಎಂಟು.
ಜೊತೆಗೆ ಬೇಳೆ, ಎಣ್ಣೆ, ಒಂದು ಸೋಪು.
ಸೋಪಿನ ದುಡ್ಡು ಆರೋಗ್ಯಮೇರಿಯದು,
ಮಗಳ ಮೊದಲ ಪರಮಪ್ರಸಾದದ ಬಿಳಿ ಗೌನಿಗೆಂದು ಎತ್ತಿಟ್ಟದ್ದು.
ಹುಡುಗಿ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ಕೆಸರೆ ಕಡೆಯವರು ಬಂದು ಸುಣ್ಣದ ವೃತ್ತಗಳಲ್ಲಿ ನಿಂತರು:
ಬ್ಯಾಂಡ್‌ಸೆಟ್ಟಿನ ಹುಡುಗರು, ಊದುಬತ್ತಿ ಹೊಸೆಯುವ ಹೆಂಗಸರು,
ಅರಮನೆ ಮುಂದೆ ಬಲೂನು ಮಾರುತ್ತಿದ್ದ ಗಂಡ ಹೆಂಡತಿ.
ಹೆಸರು? ಬೀದಿ? ಎಷ್ಟು ಜನ?
'ಯಾವ ಧರ್ಮಕೇಂದ್ರ' ಎಂಬ ಕಾಲಂ ಖಾಲಿ ಬಿಟ್ಟೆ.

ಟಾಂಗಾದ ಖಲಂದರ್ ಸಾಬರು ಕೊನೆಗೆ ಬಂದರು.
"ಎಷ್ಟು ಜನ?"
"ಆರು."
ಅವರು, ಹೆಂಡತಿ ಜೈಬುನ್ನಿಸಾ, ಸೊಸೆ, ಎರಡು ಮೊಮ್ಮಕ್ಕಳು.
ಅಲ್ಲಿಗೆ ಐದು. ಪೆನ್ನು ಕಾಯಿತು.
"ಚಾಂದಿ" ಅಂದರು ಮೆಲ್ಲಗೆ.
"ವಯಸ್ಸು?"
"ಹನ್ನೊಂದು."
"ಶಾಲೆಗೆ ಹೋಗ್ತಾಳಾ?"
ಅವರು ಚಪ್ಪಲಿ ನೋಡಿಕೊಂಡರು.
"ಕುದುರೆ, ಅಮ್ಮಾ."

ಗಂಟೆ ಹೊಡೆಯುವ ಇನ್ನಾಸಪ್ಪ ಹಿಂದಿನಿಂದ ಗುಡುಗಿದ:
"ಮನುಷ್ಯರಿಗೇ ಸಾಲ್ತಿಲ್ಲ!"
ಸುಳ್ಳೇನೂ ಹೇಳಲಿಲ್ಲ ಅವನು. ನಾನೂ ಐದು ಎಂದೇ ಬರೆದೆ.
ಪಾಪನಿವೇದನೆಯಲ್ಲಿ ಇದನ್ನು ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.
ಸಾಬರು ಚೀಲ ಹೆಗಲಿಗೇರಿಸಿ ಹೊರಟರು.
ಅದರಲ್ಲಿ ಎಷ್ಟು ಹಿಡಿ ಯಾರ ಬಾಯಿಗೆಂದು
ಆಗಲೇ ಎಣಿಸುತ್ತಿದ್ದ ನಡಿಗೆ.

ರಾತ್ರಿ ಹತ್ತಕ್ಕೆ ಇನ್ನಾಸಪ್ಪ ಬಾಗಿಲು ತಟ್ಟಿದ
(ನಾವಿರುವುದು ಚರ್ಚಿನ ಕಾಂಪೌಂಡಿನಲ್ಲೇ).
"ಅಟ್ಟದ ಮೇಲೆ ಗೋದಲಿ ಹುಲ್ಲಿದೆಯಲ್ಲ?"
ಡಿಸೆಂಬರಿನ ನಾಲ್ಕು ಹೊರೆ,
ಮೂಗು ಮುರಿದ ಒಂಟೆಯ ಪಕ್ಕ ಗೋಣಿಯಲ್ಲಿ ಕಟ್ಟಿಟ್ಟದ್ದು.
ತುಂಬ ಮಿನುಗು ಕಾಗದದ ಚೂರು.
ಅವನು, ನಾನು, ಸಿಸ್ಟರ್ ತೆರೆಸಿಟಾ,
ಆರಾರು ಅಡಿ ದೂರ, ಮೂರು ಟಾರ್ಚು,
ಬೆಳಗಿನ ಜಾವದವರೆಗೆ ಆರಿಸಿದೆವು.
ಕರುಳು ಕೊಯ್ದೀತೆಂದು ಒಂದೊಂದೇ ನಕ್ಷತ್ರವನ್ನು
ಉಗುರಿನಲ್ಲಿ ಕಿತ್ತೆವು.
ಜಪಸರ ಹಿಡಿದಾಗ ಕೂಡ ನನ್ನ ಬೆರಳು
ಅಷ್ಟು ಎಚ್ಚರವಾಗಿದ್ದುದಿಲ್ಲ.

ಚಾಂದಿ ಮೂಸಿತು, ಮುಖ ತಿರುಗಿಸಿತು.
ಹಳೇ ಭತ್ತದ ಹುಲ್ಲು, ಅದರ ಮರ್ಯಾದೆಗೆ ಸಾಲದು.
ಸಾಬರು ಬೆಲ್ಲದ ನೀರು ಚಿಮುಕಿಸಿ
ಉರ್ದುವಿನಲ್ಲಿ ಏನೇನೋ ಬೈದು, ಏನೇನೋ ರಮಿಸಿ,
ಆಮೇಲೆ ತಿಂದಿತು.
ಮುಂದಿನ ವಾರದಿಂದ ಹುರುಳಿ.
ಪುಸ್ತಕದಲ್ಲಿ ಐದನ್ನು ಹೊಡೆದು ಆರು ಮಾಡಿದೆ,
ಪಕ್ಕದಲ್ಲಿ ಫಾದರ್ ಸಹಿ. ತಿದ್ದಿದ್ದಕ್ಕೆ ಸಹಿ ಬೇಕು, ಆಡಿಟ್ಟಿಗೆ.

ಎಲ್ಲ ಹೀಗೆ ಮುಗಿಯಲಿಲ್ಲ.
ಮೂರನೇ ಸಲ ಬಲೂನಿನವನ ಹೆಂಡತಿ ಒಬ್ಬಳೇ ಬಂದಳು.
"ಎಷ್ಟು ಜನ?" ಅಭ್ಯಾಸಬಲ, ಕೇಳಿಬಿಟ್ಟೆ.
ಅವಳು ಒಂದು ಬೆರಳು ಎತ್ತಿದಳು.
ಆ ಸಾಲಿನ ಶಾಯಿ ಹರಡಿಕೊಂಡಿದೆ, ಈಗಲೂ ಓದಲಾಗದು.

ಕ್ರಿಸ್‌ಮಸ್ಸಿಗೆ ಅಟ್ಟ ಖಾಲಿ.
ಹುಲ್ಲಿನ ಬದಲಿಗೆ ಹಳೇ ಪೇಪರು ಸೀಳುತ್ತ ಕೂತಿದ್ದೆವು.
ಗೇಟಿನ ಹತ್ತಿರ ಗೊರಸಿನ ಸದ್ದು.
ಟಾಂಗಾದ ತುಂಬ ಹಸಿ ಹುಲ್ಲು, ಬೇರಿನ ಮಣ್ಣು ಸಮೇತ.
"ಒಣಗಿದ್ದು ಬೇಕಿತ್ತು" ಎಂದ ಇನ್ನಾಸಪ್ಪ.
ಅವನ ಬಾಯಿಯೇ ಹಾಗೆ.
ಬಾಲಯೇಸುವನ್ನು ಅದರ ಮೇಲೆಯೇ ಮಲಗಿಸಿದೆವು.
ಮೂರನೇ ದಿನಕ್ಕೆ ಹುಲ್ಲು ಬಾಡಿ, ಹಳದಿಯಾಗಿ,
ಧೂಪದ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು.
ಇಷ್ಟು ವರ್ಷಗಳಲ್ಲಿ ಮೊದಲ ಬಾರಿ
ನಮ್ಮ ಗೋದಲಿ ಲಾಯದ ಹಾಗೆ ನಾರಿತು.