ಅಡ್ಡಹೆಸರು

ಬ್ಯಾಡಗಿ, ಮೋಟೆಬೆನ್ನೂರ ರಸ್ತೆ, ಕೋಲ್ಡ್ ಸ್ಟೋರೇಜಿನ ಆಫೀಸು.
ಸೋಮವಾರ ಬಂದಾಕಿ, ಇನ್ನೂ ಸೀನಾಕತ್ತೀನಿ.
ಈ ಕಡೆ ಗಡ್ಡದವರ ದಲಾಲಿ ಅಂಗಡಿಯ ಲೆಕ್ಕದ ಸಾಫ್ಟ್‌ವೇರು,
ಆ ಕಡೆ, ಕಾಯಿಂದ ಬಣ್ಣ ಹಿಂಡೋ ಕೊಚ್ಚಿ ಕಂಪನೀದು.
ಎರಡಕ್ಕೂ ಮಾತು ಹಚ್ಚಿಕೊಡೂದು ನನ್ನ ಕೆಲಸ.

ಇದು ಚೀಲ ಅಂತೈತಿ, ಅದು ಕಿಲೋ ಅಂತೈತಿ.
ಇದರ ವರ್ಷ ದೀಪಾವಳಿ ಪಾಡ್ಯಕ್ಕ ಹುಟ್ಟತೈತಿ,
ಅದರದ್ದು ಏಪ್ರಿಲ್ ಒಂದಕ್ಕ.
ಇಲ್ಲಿ ಡಬ್ಬಿ, ಕಡ್ಡಿ; ಅಲ್ಲಿ ಬರೇ ಆರಂಕಿ ನಂಬರು.
ನಡುವ ನಾನೊಂದು ಕೋಷ್ಟಕ ಹಾಸಿ
ಬೀಗರ ಮಾತುಕತಿಗೆ ಕುಂತ ಹಿರೇರಂಗ
ಇದಕ್ಕ ಇದು, ಅದಕ್ಕ ಅದು ಅಂತ ಜೋಡಿ ಬರೀತೀನಿ.

ತೇವ ಎಷ್ಟು, ಕೇಳತೈತಿ ಒಂದು ಕಾಲಮ್ಮು.
ಗುಮಾಸ್ತ ರುದ್ರಗೌಡ್ರು ಕಾಯಿ ಒಂದು ತಗೊಂಡು
ಕಿವಿ ಹಂತೇಕ ಅಲ್ಲಾಡಸ್ತಾರ.
"ಬೀಜ ಗಿಲಿಗಿಲಿ ಅಂತು. ಬರ್ಕೋ ಯವ್ವಾ."
ಎಷ್ಟಂತ ಬರೀಲಿ ಗೌಡ್ರ?
"ಗಿಲಿಗಿಲಿ."
ಹನ್ನೊಂದು ಅಂತ ಬರದ್ನಿ.
ಆಮ್ಯಾಲ ಮೀಟರ್ ಹಚ್ಚಿದರ ಹತ್ತೂವರಿ.
ಅವರ ಮಾರಿ ನೋಡಲಿಲ್ಲ ನಾನು.

ಗುರುವಾರ ಸಂಜಿಮುಂದ ಮೊದಲ ಬಿಲ್ಲು ದಾಟಿತು.
ಶುಕ್ರವಾರ ತಿರುಗಿ ಬಂತು:
ಮಾರಿದವರು, ಫಕ್ಕೀರಪ್ಪ.
ಮಾಲು, ಮೆಣಸಿನಕಾಯಿ. ಮತ್ತ, ಮೆಣಸಿನಕಾಯಿ.
ಪಾಪ, ಅಂವನ ಅಡ್ಡಹೆಸರ ಅದು!
ಕಂಪನಿ ಯಂತ್ರ ಅರ್ಧ ಮನುಷ್ಯಾನ ಎತ್ತಿ
ಗೋದಾಮಿನ್ಯಾಗ ಹಾಕಿ ಕೀಲಿ ಜಡಿದಿತ್ತು.

ಫೋನ್ ಹಚ್ಚಿದ್ನಿ. ಆ ಕಡೆ ಲಿಸಿ ಅನ್ನಾಕಿ
ಅರ್ಧ ಇಂಗ್ಲಿಷು, ಅರ್ಧ ನಗಿ:
ನಿಮ್ಮ ಕಡೆ ಮಂದಿಗೆ ಹಿಂಗೂ ಹೆಸರಿರ್ತಾವೇನು?
ಏನ್ ಹೇಳಲಿ. ನನ್ನ ಮೇಲಿನ ಕೆಳಗ
ಬರೇ ಪೂರ್ಣಿಮಾ ಯು. ಅಂತ ಇರತೈತಿ.
ಉಳ್ಳಾಗಡ್ಡಿ ಅಂತ ಬಿಡಿಸಿ ಹೇಳಿದ್ನಿ.
ಬರೂ ತಿಂಗಳು ಅಮರಗೋಳಕ್ಕ ಹೋಗೂದೈತಿ,
ಉಳ್ಳಾಗಡ್ಡಿ ವ್ಯಾಪಾರದವರ ಸಿಸ್ಟಮ್ ಜೋಡಸಾಕ;
ಅದನ್ನ ಹೇಳಲಿಲ್ಲ.

ರಾತ್ರಿ ಕುಂತು ಒಂದು ನಿಯಮ ಬರದ್ನಿ:
ಮಾಲು ಅನ್ನೂಕಿಂತ ಮೊದಲ
ಮನುಷ್ಯಾ ಏನು, ಕೇಳು.
ಮೂರು ಸಲ ಬಿತ್ತು. ನಾಕನೇದಕ್ಕ ನಿಂತಿತು.

ಮುಂಜಾನೆ ರೊಕ್ಕಕ್ಕ ಬಂದ ಫಕ್ಕೀರಪ್ಪ
ಟವೆಲ್ಲಿಲೆ ಮೂಗು ಒರಸ್ಕೊಂತ ಎಲ್ಲಾ ಕೇಳಿದ.
"ಯಾ ಗ್ರೇಡಿಗೆ ಹಾಕಿತ್ರೀ ನನ್ನ?"
ಡಬ್ಬಿಗೆ, ಅಂದ್ನಿ.
"ಹಂಗಾರ ಅಡ್ಡಿಯಿಲ್ಲ. ದರ?"

ಹೇಳೂದರಾಗ ಸೀನು ಬಂತು.