ಖರಾಬು

ಮಧುಗಿರಿಯ ಆಸ್ಪತ್ರೆಗೆ ಮಂಗಳವಾರ
ಮನಸ್ಸಿನ ಡಾಕ್ಟರು ಬರುತ್ತಾರೆ.
ಬೆಂಚಿನ ತುದಿಯಲ್ಲಿ ನಾನು, ಮುಖಕ್ಕೆ ದುಪಟ್ಟ,
ಹದ್ದುಬಸ್ತು ಮಾಡಿಸಿಕೊಂಡವರು ಯಾರಾದರೂ
ಕಂಡುಬಿಟ್ಟಾರೆಂದು.

ಕಾರಣ? ಎಂದರು.
ಇಲ್ಲ ಅಂದೆ. ಇದ್ದಿದ್ದರೆ ಅಳೆದುಬಿಡುತ್ತಿದ್ದೆ.
ಹನ್ನೊಂದು ವರ್ಷದ ಭೂಮಾಪಕಿ ನಾನು,
ಇಡೀ ಹೋಬಳಿಯನ್ನು ಗುಂಟೆ ಆಣೆಗಳಲ್ಲಿ ಹೇಳಬಲ್ಲೆ.
ಬೆಳಗ್ಗೆ ಏಳಗೊಡದ ಈ ಭಾರ
ಎಲ್ಲಿ ಶುರು, ಯಾರ ಬದುವಿಗೆ ಮುಗಿಯುತ್ತದೆ,
ಚೆಕ್ಕುಬಂದಿ ಬರೆಯಲಾರೆ.

ರಾತ್ರಿಗೊಂದು ಬಿಳಿ ಮಾತ್ರೆ. ಮತ್ತೆ,
ಸ್ವಲ್ಪ ಹೊರಗೆ ಓಡಾಡಿ, ಹಸಿರು ನೋಡಿ ಎಂದರು.
ನಗು ಬಂತು. ನಮ್ಮ ಕಡೆ ಹಸಿರು ನೋಡೋಕೆ
ಬಸ್ ಚಾರ್ಜು ಎಷ್ಟಾಗುತ್ತೆ ಗೊತ್ತೇ ಸಾರ್?

ಬುಧವಾರ, ಮೈದನಹಳ್ಳಿಯಾಚೆಯ ಬಯಲು.
ಸರ್ವೆ ನಂಬರು ಎಪ್ಪತ್ಮೂರು. ಬಾಂದುಕಲ್ಲು ಕಾಣೆ.
ಪಹಣಿ ಹೇಳುತ್ತದೆ:
ಒಂಬತ್ತನೇ ಕಾಲಮ್ಮು, ಸರ್ಕಾರ.
ಹನ್ನೆರಡನೇ ಕಾಲಮ್ಮು, ಯಾರೂ ಇಲ್ಲ.
ಬೆಳೆ ಇಲ್ಲ, ಬಾವಿ ಇಲ್ಲ,
ಇದ್ದಷ್ಟೂ ಖರಾಬು.

ಆ ಪದ ಹೊಸದಲ್ಲ ನನಗೆ.
ಅಡುಗೆಮನೆಯಲ್ಲಿ ಕುಕ್ಕರಿನ ಸದ್ದಿನ ಮರೆಯಲ್ಲಿ
ಅತ್ತಿಗೆ ಅಂದಿದ್ದಳು ಫೋನಿಗೆ:
ಅವಳಿಗೆ ತಲೆ ಖರಾಬಾಗಿದೆ ಕಣೇ.

ಟೇಪಿನ ತುದಿ ಹಿಡಿದು ಜುಂಜಣ್ಣ ಮುಂದೆ ನಡೆದ,
ಪಂಚೆಗೆ ಹತ್ತಿದ ಊಬಲನ್ನು ಬೈಯುತ್ತ.
ಮೊಣಕಾಲುದ್ದ ಹುಲ್ಲು. ಹಸಿರಲ್ಲ,
ತೊಳೆಯದ ತಾಮ್ರ, ಹುರಿದ ರಾಗಿ,
ಗಾಳಿ ಬಂದರೆ
ನೊಣ ಕೂತ ದನದ ಮೈಯಂತೆ ಒಮ್ಮೆ ನಡುಗಿ
ಸುಮ್ಮನಾಗುವುದು.
ದೂರದ ಜಿಂಕೆಗಳು ತಲೆಯೆತ್ತಿ
ನಮ್ಮನ್ನು ಎರಡು ಕಂಬಗಳೆಂದು ಲೆಕ್ಕ ಹಾಕಿ
ಮತ್ತೆ ಮೇಯತೊಡಗಿದವು.
ಹೇಗಿದ್ದೀಯ ಎಂದು ಯಾರೂ ಕೇಳಲಿಲ್ಲ.
ಎಷ್ಟು ದಿನವಾಗಿತ್ತು
ಯಾರೂ ಹಾಗೆ ಕೇಳದೆ.

ಮೇಡಂ, ಅಲ್ಲೇ ನಿಂತ್ಕಳಿ, ಕಾಲಿಡಬ್ಯಾಡಿ!

ನಕ್ಷೆಯ ಪ್ರಕಾರ ಕಲ್ಲಿರಬೇಕಾದ ಜಾಗ.
ಬರೀ ಬೆಣಚುಕಲ್ಲಿನ ಚೂರುಗಳು.
ನೋಡಿದೆ. ಇನ್ನೊಮ್ಮೆ ನೋಡಿದೆ.
ನಾಲ್ಕು ಚೂರು ಕಲ್ಲಾಗಿರಲಿಲ್ಲ.
ತೇನಕ್ಕಿ ಮೊಟ್ಟೆ, ಅಂದ ಜುಂಜಣ್ಣ,
ಒಡಿಯಾಕೆ ಇನ್ನೂ ಒಂದ್ ತಿಂಗ್ಳಾದ್ರೂ ಬೇಕು.
ನೆತ್ತಿಯ ಮೇಲೆ ಹಕ್ಕಿ ಕಿರುಚುತ್ತಿತ್ತು,
ತಹಸೀಲ್ದಾರರನ್ನೂ ಲೆಕ್ಕಿಸದ ದನಿಯಲ್ಲಿ.

ಗೂಡೆಂಬುದಿಲ್ಲ. ಕಡ್ಡಿಯೊಂದರ ಮರೆಯಿಲ್ಲ.
ಇಷ್ಟು ಬಟಾಬಯಲಲ್ಲಿ
ಇಷ್ಟು ತೆಳ್ಳಗಿನದನ್ನು ಇಟ್ಟುಕೊಂಡು
ಬಾಳುತ್ತೇನೆಂದು ಹೊರಟಿದೆಯಲ್ಲ.

ಹಿಂದೆ ಸರಿದು ಕಾರೆಗಿಡದ ಹರಕು ನೆರಳಲ್ಲಿ ಕೂತೆವು.
ಅವನ ಬುತ್ತಿಯ ರೊಟ್ಟಿ, ಹುರುಳಿ ಚಟ್ನಿ.
ಹಕ್ಕಿ ಇಳಿಯಿತು. ನಾಲ್ಕು ಹೆಜ್ಜೆ ನಡೆಯಿತು, ನಿಂತಿತು,
ಸುಳ್ಳುಸುಳ್ಳೇ ಬೇರೆ ಕಡೆ ನೋಡಿತು,
ಕೊನೆಗೆ ಹೊಟ್ಟೆಯ ಗರಿ ಅಗಲಿಸಿ ಕೂತಿತು.
ಎಷ್ಟು ಹೊತ್ತೋ.
ಎದೆಯೊಳಗೆ ಸದಾ ಬಿಗಿದು ಎಳೆಯುವ ಟೇಪನ್ನು
ಆಚೆ ತುದಿಯಲ್ಲಿ ಯಾರೋ ಕೈಬಿಟ್ಟ ಹಾಗೆ,
ಸಡಿಲಾಗಿ, ಹುಲ್ಲ ಮೇಲೆ ಬಿದ್ದಿತ್ತು.
ಅಳು ಬಂತು.
ಜುಂಜಣ್ಣ ಬಹಳ ಹೊತ್ತು
ಎಲೆಯಡಿಕೆ ಚೀಲದಲ್ಲಿ ಸುಣ್ಣ ಹುಡುಕಿದ.

ಖರಾಬು ಅಂದರೆ
ಉಳುಮೆಗೆ ಬಾರದ್ದು, ಕಂದಾಯ ಹಾಕಲಾಗದ್ದು.
ಕೈಪಿಡಿ ಹೇಳುವುದು ಅಷ್ಟೇ.
ಉಳಿದದ್ದೆಲ್ಲ ಅಡುಗೆಮನೆಯ ಮಾತು.

ವಾಸಿಯಾಯಿತೆಂದು ಬರೆದುಕೊಡಲಾರೆ.
ಮಾತ್ರೆ ಇದೆ, ಮಂಗಳವಾರಗಳಿವೆ,
ಕೆಲವು ಬೆಳಗು ಹಾಸಿಗೆಯಲ್ಲಿ
ನಾನೇ ನೆಟ್ಟ ಕಲ್ಲು.
ಆದರೆ ಡಾಕ್ಟರಿಗೆ ಹೇಳಿದೆ:
ಹಸಿರಲ್ಲ ಸಾರ್, ನನಗೆ ಬೇಕಾಗಿದ್ದು ಕಂದು.
ಅವರು ಪೆನ್ನು ಕೆಳಗಿಟ್ಟು
ಎಲ್ಲಿದೆ ಆ ಜಾಗ ಎಂದರು.

ವರದಿ ಕಳಿಸಿದ್ದೇನೆ:
ಮೂಲೆಕಲ್ಲು ನೆಟ್ಟಿರುವುದಿಲ್ಲ.
ಸದರಿ ಸ್ಥಳವು ಅನುಭವದಲ್ಲಿರುತ್ತದೆ.
ಯಾರ ಅನುಭವ? ಎಂದು ಸೂಪರ್‌ವೈಸರು
ಕೆಂಪು ಶಾಯಿಯಲ್ಲಿ ಕೇಳಿದ್ದಾರೆ.
ಉತ್ತರಿಸಲು
ಒಂದು ತಿಂಗಳ ಕಾಲಾವಕಾಶ ಕೋರಿದ್ದೇನೆ.